ಬೀಳಗಿಯ ಮೋದಿ, ಪಾಟಣ್‌ನ ಶಿಬಿರ: ‘ಕಣ್ಣು ಕೊಟ್ಟ ಅಣ್ಣ’ನ ಬದುಕು ಮತ್ತು ಒಂದು ಜೊತೆ ಕನ್ನಡಕ

ಮೋದಿ ಎಂಬ ಅಡ್ಡಹೆಸರು ಕೇಳಿದರೆ ಇಂದು ಎಲ್ಲರಿಗೂ ನೆನಪಾಗುವುದು ಗುಜರಾತ್. ಆದರೆ ಐವತ್ತು ವರ್ಷಗಳ ಹಿಂದೆ ಕರ್ನಾಟಕದ ಹಳ್ಳಿಗಳಲ್ಲಿ ಆ ಹೆಸರಿನ ಅರ್ಥವೇ ಬೇರೆ ಇತ್ತು. ಮೋದಿ ಡಾಕ್ಟರು ಬರುತ್ತಾರೆ ಎಂದರೆ ಕಣ್ಣು ಕಾಣದೆ ಮೂಲೆ ಹಿಡಿದ ಹಿರಿಯರನ್ನು ಎತ್ತಿನಗಾಡಿಯಲ್ಲಿ ಕೂರಿಸಿಕೊಂಡು ಶಿಬಿರಕ್ಕೆ ಹೊರಡುವ ದಿನ ಬಂತು ಎಂದರ್ಥ. ಜನ ಅವರನ್ನು ‘ಕಣ್ಣು ಕೊಟ್ಟ ಅಣ್ಣ’ ಎಂದು ಕರೆದರು.

ಡಾ. ಮುರುಗಪ್ಪ ಚನ್ನವೀರಪ್ಪ ಮೋದಿ ಅಪ್ಪಟ ಕನ್ನಡಿಗರು. ಆದರೆ ಅವರ ಸಾಮೂಹಿಕ ನೇತ್ರ ಚಿಕಿತ್ಸೆಯ ಕೆಲಸ ಶುರುವಾದದ್ದು ಗುಜರಾತಿನ ನೆಲದಲ್ಲಿ. ಅರ್ಧ ಶತಮಾನದಲ್ಲಿ 6 ಲಕ್ಷಕ್ಕೂ ಹೆಚ್ಚು ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿದ ಈ ವೈದ್ಯರ ಕಥೆಯಲ್ಲಿ ಹೆಚ್ಚಾಗಿ ಮಾತಾಗುವುದು ಅವರ ಕೈಚಳಕ ಮತ್ತು ವೇಗ. ಅದರ ಜೊತೆಗೇ ಬರುವ ಇನ್ನೊಂದು ಸಣ್ಣ ವಸ್ತು ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಅದು ಶಸ್ತ್ರಚಿಕಿತ್ಸೆಯ ನಂತರ ರೋಗಿಯ ಮೂಗಿನ ಮೇಲೆ ಕೂರುತ್ತಿದ್ದ ಕನ್ನಡಕ.

ಬೀಳಗಿಯಿಂದ ಮುಂಬೈಗೆ

ಮೋದಿಯವರು ಹುಟ್ಟಿದ್ದು 1916ರ ಅಕ್ಟೋಬರ್ 4ರಂದು, ಬೀಳಗಿಯಲ್ಲಿ. ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಬೀಳಗಿ ಆಗ ವಿಜಾಪುರ ಜಿಲ್ಲೆಗೆ ಸೇರಿತ್ತು. ಆ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಅಹಮದಾಬಾದ್ ಮತ್ತು ಸೂರತ್ ಕೂಡ ಅದೇ ಪ್ರಾಂತ್ಯದ ಜಿಲ್ಲೆಗಳು. ಹೀಗಾಗಿ ಉತ್ತರ ಕರ್ನಾಟಕದ ಹುಡುಗನೊಬ್ಬ ಓದಲು ಮುಂಬೈಗೆ ಹೋಗುವುದು, ಅಲ್ಲಿಂದ ಗುಜರಾತಿನ ಕಡೆ ಕೆಲಸಕ್ಕೆ ಹೊರಡುವುದು ಆ ಕಾಲಕ್ಕೆ ಪರದೇಶದ ಪಯಣವೇನೂ ಆಗಿರಲಿಲ್ಲ.

ಬೆಳಗಾವಿಯಲ್ಲಿ ವೈದ್ಯ ಶಿಕ್ಷಣ ಪಡೆದ ಮೋದಿಯವರು ನೇತ್ರ ಚಿಕಿತ್ಸೆಯಲ್ಲಿ ಪಳಗಿದ್ದು ಮುಂಬೈಯಲ್ಲಿ. 1942ರ ಆಗಸ್ಟ್‌ನಲ್ಲಿ ಅದೇ ಮುಂಬೈಯ ಗೋವಾಲಿಯಾ ಟ್ಯಾಂಕ್ ಮೈದಾನದಿಂದ ಗಾಂಧೀಜಿ ಕ್ವಿಟ್ ಇಂಡಿಯಾ ಕರೆ ಕೊಟ್ಟರು. ಆ ದಿನಗಳಲ್ಲಿ ಸಾವಿರಾರು ಯುವಕರು ಕಾಲೇಜು, ಕಚೇರಿ ಬಿಟ್ಟು ಬೀದಿಗಿಳಿದರು. ಇಪ್ಪತ್ತೈದರ ಹರೆಯದ ಮೋದಿಯವರ ಮೇಲೂ ಗಾಂಧೀಜಿಯ ಪ್ರಭಾವ ಆಳವಾಗಿ ಬಿತ್ತು. ಅವರು ಆರಿಸಿಕೊಂಡ ದಾರಿ ಮಾತ್ರ ಬೇರೆ. ನಗರದಲ್ಲಿ ದವಾಖಾನೆ ತೆರೆದು ಹಣ ಮಾಡಬಹುದಾಗಿದ್ದ ವಿದ್ಯೆಯನ್ನು ದುಡ್ಡಿಲ್ಲದವರ ಬಾಗಿಲಿಗೆ ಒಯ್ಯಲು ಅವರು ನಿರ್ಧರಿಸಿದರು.

ಪಾಟಣ್‌ನಲ್ಲಿ ಮೊದಲ ಹೆಜ್ಜೆ

1943ರಲ್ಲಿ ಮೊದಲ ಸಾಮೂಹಿಕ ಉಚಿತ ನೇತ್ರ ಶಸ್ತ್ರಚಿಕಿತ್ಸೆ ನಡೆದದ್ದು ಪಾಟಣ್‌ನಲ್ಲಿ. ಇಂದಿನ ನೂರು ರೂಪಾಯಿ ನೋಟಿನ ಹಿಂಬದಿಯಲ್ಲಿ ಕಾಣುವ ರಾಣಿ ಕಿ ವಾವ್ ಇರುವ ಊರು ಅದು. ಅಹಮದಾಬಾದಿನಿಂದ ಉತ್ತರಕ್ಕೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿದೆ. ಆಗ ಪಾಟಣ್ ಬ್ರಿಟಿಷರ ನೇರ ಆಳ್ವಿಕೆಯಲ್ಲಿರಲಿಲ್ಲ. ವಡೋದರದಲ್ಲಿ ರಾಜಧಾನಿ ಇದ್ದ ಗಾಯಕವಾಡರ ಬರೋಡಾ ಸಂಸ್ಥಾನಕ್ಕೆ ಅದು ಸೇರಿತ್ತು.

ಬರೋಡಾ ಮತ್ತು ಪಾಟಣ್ ಎರಡಕ್ಕೂ ಕಣ್ಣಿನೊಂದಿಗೆ ವಿಶೇಷ ನಂಟಿದೆ. ಮೂರನೇ ಸಯಾಜಿರಾವ್ ಗಾಯಕವಾಡರು 1906ರಲ್ಲೇ ಸಂಸ್ಥಾನದಾದ್ಯಂತ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದ್ದರು. 1910ರಿಂದ ಊರೂರಿಗೆ ಗ್ರಂಥಾಲಯ ತೆರೆಸಿದ್ದರು. ಓದು ಕಲಿತ ಜನ ಇರುವಲ್ಲಿ ವಯಸ್ಸಾದ ಮೇಲೆ ಅಕ್ಷರ ಮಸುಕಾಗುವ ದುಃಖವೂ ಇರುತ್ತದೆ. ಪಾಟಣ್ ಅಂತೂ ಪಟೋಲಾ ಸೀರೆಯ ತವರು. ನೇಯುವ ಮೊದಲೇ ಹಾಸು, ಹೊಕ್ಕು ಎರಡೂ ಎಳೆಗಳಿಗೆ ಬಣ್ಣ ಕಟ್ಟಿ, ಮಗ್ಗದ ಮೇಲೆ ಒಂದೊಂದು ಎಳೆಯನ್ನೂ ಸೂಜಿಯಿಂದ ಸರಿಪಡಿಸಿ ಚಿತ್ತಾರ ಕೂಡಿಸುವ ಕೆಲಸ ಅದು. ಬೀಳಗಿಯ ಆಸುಪಾಸಿನ ಇಳಕಲ್ ಸೀರೆ, ಗುಳೇದಗುಡ್ಡದ ಖಣ ನೇಯುವವರದ್ದೂ ಇದೇ ಬಗೆಯ ಬದುಕು. ಇಂಥ ಕೆಲಸದಲ್ಲಿ ಹತ್ತಿರದ ದೃಷ್ಟಿ ಹೋಯಿತೆಂದರೆ ಅನ್ನ ಹೋಯಿತೆಂದೇ ಲೆಕ್ಕ.

ಶಿಬಿರಗಳನ್ನು ಗುಜರಾತಿನಲ್ಲಿ ನೇತ್ರಯಜ್ಞ ಎನ್ನುತ್ತಾರೆ. ಊರಿನ ವರ್ತಕರು ಊಟ, ಹಾಸಿಗೆಯ ಖರ್ಚು ಹೊರುವುದು, ಶಾಲೆ ಅಥವಾ ಧರ್ಮಶಾಲೆಯೇ ಕೆಲವು ದಿನ ಆಸ್ಪತ್ರೆಯಾಗುವುದು, ಊರಿನ ಹುಡುಗರೇ ರೋಗಿಗಳ ಆರೈಕೆಗೆ ನಿಲ್ಲುವುದು ಇಂಥ ಶಿಬಿರಗಳ ರೀತಿ. ವೈದ್ಯ ತನ್ನ ಸಲಕರಣೆಯೊಂದಿಗೆ ಬಂದರೆ ಸಾಕು, ಉಳಿದದ್ದನ್ನು ಊರೇ ನೋಡಿಕೊಳ್ಳುತ್ತಿತ್ತು. ಮುಂದೆ ಮೋದಿಯವರ ಸಂಚಾರಿ ನೇತ್ರ ಆಸ್ಪತ್ರೆ ನಿಂತದ್ದು ಇಂಥ ಊರುಗಳ ಬಲದ ಮೇಲೆಯೇ.

ಪೊರೆ ತೆಗೆಯುವುದು ಎಂದರೆ

ಆ ಕಾಲದ ಶಸ್ತ್ರಚಿಕಿತ್ಸೆ ಇಂದಿನಂತೆ ಇರಲಿಲ್ಲ. ಪೆನ್ಸಿಲಿನ್ ಇನ್ನೂ ಜನಸಾಮಾನ್ಯರ ಕೈಗೆ ಸಿಕ್ಕಿರಲಿಲ್ಲ. ಸೋಂಕು ತಗುಲಿದರೆ ಕಣ್ಣೇ ಹೋಗುವ ಭಯ. ಹಳ್ಳಿಗಳಲ್ಲಿ ಸೂಜಿಯಿಂದ ಪೊರೆಯನ್ನು ಕಣ್ಣಿನೊಳಗೇ ಪಕ್ಕಕ್ಕೆ ತಳ್ಳುವ ನಾಟಿ ಚಿಕಿತ್ಸಕರು ಇನ್ನೂ ಇದ್ದರು. ಸುಶ್ರುತ ಸಂಹಿತೆಯ ಕಾಲದಿಂದ ಬಂದ ವಿಧಾನ ಅದು. ಕೆಲವರಿಗೆ ತುಸು ಬೆಳಕು ಬಂದರೂ ಹಲವರ ಕಣ್ಣು ಕೆಲವೇ ದಿನಗಳಲ್ಲಿ ಕೆಡುತ್ತಿತ್ತು.

ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆಯುವ ತೆಳು ಪದರ ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಕಣ್ಣಿನೊಳಗಿನ ಮಸೂರವೇ ಮಂಜಾಗುವುದು. ಆಗಿನ ವೈದ್ಯರು ಕಣ್ಣಿನ ಅಂಚಿನಲ್ಲಿ ದೊಡ್ಡದಾಗಿ ಸೀಳಿ, ಮಂಜಾದ ಮಸೂರವನ್ನು ಹೊರತೆಗೆಯುತ್ತಿದ್ದರು. ಆಮೇಲೆ ಪಟ್ಟಿ ಕಟ್ಟಿಕೊಂಡು ರೋಗಿ ಹಲವು ದಿನ ಅಲುಗಾಡದೆ ಮಲಗಬೇಕಿತ್ತು.

ಇಂಥ ಚಿಕಿತ್ಸೆಯನ್ನು ಮೋದಿಯವರು ಒಂದೇ ದಿನ ನೂರಾರು ಜನರಿಗೆ ಮಾಡುವ ಹಂತಕ್ಕೆ ತಂದರು. ರೋಗಿಗಳನ್ನು ಸಾಲಾಗಿ ಮಲಗಿಸಿ, ಸಹಾಯಕರು ಮೊದಲೇ ಕಣ್ಣು ಸಿದ್ಧಪಡಿಸಿಟ್ಟು, ವೈದ್ಯರು ಒಬ್ಬರಿಂದ ಇನ್ನೊಬ್ಬರ ಬಳಿಗೆ ಸಾಗುವ ಪದ್ಧತಿ ಅದು. 1968ರಲ್ಲಿ ತಿರುಪತಿಯ ಶಿಬಿರದಲ್ಲಿ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ನಡೆಯಿತು. ಹದಿನಾಲ್ಕು ಗಂಟೆ ಎಡೆಬಿಡದೆ ಕೆಲಸ ಮಾಡಿದರೂ ಅದು ಹೆಚ್ಚುಕಡಿಮೆ ನಿಮಿಷಕ್ಕೊಂದು ಕಣ್ಣಿನ ಲೆಕ್ಕ. ಈ ಸಂಖ್ಯೆ ಗಿನ್ನೆಸ್ ದಾಖಲೆ ಪುಸ್ತಕದಲ್ಲೂ ಸೇರಿತು.

ಗಿನ್ನೆಸ್ ದಾಖಲಿಸಿದ ಒಟ್ಟು ಲೆಕ್ಕ ಇನ್ನೂ ದೊಡ್ಡದು. 1943ರಿಂದ 1993ರ ಫೆಬ್ರವರಿವರೆಗೆ ಮೋದಿಯವರು ಭೇಟಿ ಕೊಟ್ಟ ಹಳ್ಳಿಗಳು 46,120. ನೋಡಿದ ರೋಗಿಗಳು 1,21,18,630. ಮಾಡಿದ ಶಸ್ತ್ರಚಿಕಿತ್ಸೆಗಳು 6,10,564. ಸರಾಸರಿ ತೆಗೆದರೆ ಐವತ್ತು ವರ್ಷ, ರಜೆಯಿಲ್ಲದೆ, ದಿನಕ್ಕೆ ಮೂವತ್ತಮೂರು.

ಉಳಿದ ಹತ್ತೊಂಬತ್ತು ಮಂದಿ

ಈ ಅಂಕಿಗಳಲ್ಲೇ ಇನ್ನೊಂದು ಸಂಗತಿಯೂ ಇದೆ. ನೋಡಿದ ರೋಗಿಗಳ ಸಂಖ್ಯೆಯನ್ನು ಶಸ್ತ್ರಚಿಕಿತ್ಸೆಯ ಸಂಖ್ಯೆಯಿಂದ ಭಾಗಿಸಿದರೆ ಸುಮಾರು ಇಪ್ಪತ್ತು ಬರುತ್ತದೆ. ಅಂದರೆ ಸಾಲಿನಲ್ಲಿ ನಿಂತ ಇಪ್ಪತ್ತು ಜನರಲ್ಲಿ ಮೇಜಿನ ಮೇಲೆ ಮಲಗಿದವರು ಸರಿಸುಮಾರು ಒಬ್ಬರು. ಉಳಿದ ಹತ್ತೊಂಬತ್ತು ಮಂದಿ ಬೇರೆ ಬೇರೆ ತೊಂದರೆ ಹೊತ್ತು ಬಂದವರು. ಎಲ್ಲೇ ಆಗಲಿ, ಹಳ್ಳಿಯ ಕಣ್ಣಿನ ಶಿಬಿರಕ್ಕೆ ಬರುವವರಲ್ಲಿ ದೊಡ್ಡ ಪಾಲು ನಡುವಯಸ್ಸು ದಾಟಿದವರು. ಅವರಲ್ಲಿ ಅನೇಕರಿಗೆ ಬೇಕಿರುವುದು ಸರಿಯಾದ ಕನ್ನಡಕ ಮಾತ್ರ.

ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಗಡುಸಾಗುತ್ತಾ ಹೋಗುತ್ತದೆ. ಹತ್ತಿರದ್ದನ್ನು ನೋಡುವಾಗ ಅದು ಮೊದಲಿನಂತೆ ಉಬ್ಬುವುದಿಲ್ಲ. ಕೈಯಲ್ಲಿನ ಕಾಗದವನ್ನು ದೂರ ಹಿಡಿಯುವುದು, ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕೂಗುವುದು ಆಗಿನಿಂದ ಶುರು. ಕನ್ನಡದಲ್ಲಿ ಇದಕ್ಕೆ ಚಾಳೀಸು ಎನ್ನುತ್ತಾರೆ. ನಲವತ್ತು ಎಂಬ ಅರ್ಥದ ಮಾತದು. ಗುಜರಾತಿಗಳು ಎರಡು ವರ್ಷ ರಿಯಾಯಿತಿ ಕೊಟ್ಟು ಬೇತಾಳಾ, ಅಂದರೆ ನಲವತ್ತೆರಡು, ಎನ್ನುತ್ತಾರೆ. ಭಾಷೆ ಬೇರೆಯಾದರೂ ಎರಡೂ ಕಡೆಯ ಜನ ಈ ತೊಂದರೆಯನ್ನು ವಯಸ್ಸಿನ ಲೆಕ್ಕದಲ್ಲೇ ಗುರುತಿಸಿದ್ದಾರೆ.

ಶಸ್ತ್ರಚಿಕಿತ್ಸೆಯ ನಂತರದ ಸೋಡಾಬುಡ್ಡಿ

ಮೇಜಿನ ಮೇಲೆ ಮಲಗಿದ ಆ ಒಬ್ಬರ ಸ್ಥಿತಿ ಇನ್ನೂ ಕಠಿಣ. ಕಣ್ಣಿನ ಬೆಳಕು ಬಾಗಿಸುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಈ ಮಸೂರದ್ದು. ಅದನ್ನೇ ತೆಗೆದುಬಿಟ್ಟರೆ ಬೆಳಕು ಒಳಗೆ ಬರುತ್ತದೆ, ಆದರೆ ಚಿತ್ರ ಕೂಡುವುದಿಲ್ಲ. ಅದಕ್ಕಾಗಿ ಸುಮಾರು ಪ್ಲಸ್ ಹತ್ತರ ದಪ್ಪ ಗಾಜು ಬೇಕು. ನಮ್ಮ ಹಳ್ಳಿಗಳಲ್ಲಿ ಸೋಡಾಬುಡ್ಡಿ ಎಂದು ತಮಾಷೆ ಮಾಡುತ್ತಿದ್ದ ಕನ್ನಡಕ ಇದೇ. ಇದನ್ನು ಹಾಕಿದರೆ ಎಲ್ಲವೂ ಕಾಲು ಪಾಲಿನಷ್ಟು ದೊಡ್ಡದಾಗಿ ಕಾಣುತ್ತದೆ. ಮೆಟ್ಟಿಲು ಇದ್ದದ್ದಕ್ಕಿಂತ ಹತ್ತಿರ ಬಂದಂತೆ, ಬಾಗಿಲ ಚೌಕಟ್ಟು ಬಾಗಿದಂತೆ ಅನಿಸುತ್ತದೆ. ಪಕ್ಕದಿಂದ ಬರುವ ಎತ್ತು, ಸೈಕಲ್ಲು ಒಮ್ಮೆ ಮಾಯವಾಗಿ ಮತ್ತೆ ಥಟ್ಟನೆ ಎದುರಿಗೆ ಬರುತ್ತದೆ.

ಇನ್ನೊಂದು ಕಷ್ಟವೂ ಇತ್ತು. ಮಸೂರವಿಲ್ಲದ ಕಣ್ಣಿಗೆ ದೂರ ಮತ್ತು ಹತ್ತಿರ ಎರಡನ್ನೂ ಹೊಂದಿಸಿಕೊಳ್ಳುವ ಶಕ್ತಿ ಪೂರ್ತಿ ಹೋಗಿರುತ್ತದೆ. ದೂರಕ್ಕೆ ಒಂದು ನಂಬರ್ ಕೊಟ್ಟರೆ ಓದಲು, ಅಕ್ಕಿ ಆರಿಸಲು, ಹೊಲಿಯಲು ಅದಕ್ಕಿಂತ ಎರಡೂವರೆ ಮೂರು ಹೆಚ್ಚು ಬೇಕು. ಒಂದೋ ಎರಡು ಕನ್ನಡಕ ಇಟ್ಟುಕೊಳ್ಳಬೇಕು, ಇಲ್ಲವೇ ಎರಡು ಭಾಗದ ಬೈಫೋಕಲ್ ಗಾಜು ಹಾಕಿಸಬೇಕು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1780ರ ದಶಕದಲ್ಲೇ ಎರಡು ಗಾಜುಗಳನ್ನು ಅರ್ಧ ಮಾಡಿ ಒಂದೇ ಚೌಕಟ್ಟಿನಲ್ಲಿ ಕೂರಿಸಿ ಬಳಸುತ್ತಿದ್ದರು. ಆದರೆ ಊಟಕ್ಕೇ ತತ್ವಾರ ಇದ್ದ ರೈತನಿಗೆ ಒಂದು ಕನ್ನಡಕ ಸಿಗುವುದೇ ದೊಡ್ಡದು.

ಸಾಮೂಹಿಕ ಶಿಬಿರಗಳ ಮಿತಿ ಇರುವುದು ಇಲ್ಲಿಯೇ. ಒಬ್ಬ ನುರಿತ ವೈದ್ಯ ದಿನಕ್ಕೆ ನೂರಾರು ಪೊರೆ ತೆಗೆಯಬಹುದು. ಆದರೆ ಕನ್ನಡಕವನ್ನು ಒಂದೊಂದೇ ಕಣ್ಣು ಅಳೆದು ಮಾಡಬೇಕು. ಗಾಯ ಮಾಯಲು ಕೆಲವು ವಾರ ಬೇಕು, ಅಲ್ಲಿಯವರೆಗೆ ನಂಬರ್ ಬದಲಾಗುತ್ತಲೇ ಇರುತ್ತದೆ. ಅಷ್ಟರಲ್ಲಿ ಶಿಬಿರ ಮುಗಿದು ಡೇರೆ ಕಿತ್ತಿರುತ್ತದೆ. ಹೀಗಾಗಿ ದೇಶದಾದ್ಯಂತ ಶಿಬಿರಗಳಲ್ಲಿ ಎಲ್ಲರಿಗೂ ಒಂದೇ ಪ್ಲಸ್ ಹತ್ತರ ಸಿದ್ಧ ಕನ್ನಡಕ ಕೊಡುವುದು ರೂಢಿಯಾಯಿತು. ಹಲವರಿಗೆ ಅದು ಹೊಂದುತ್ತಿತ್ತು. ಹೊಂದದವರು ಮಬ್ಬಿನಲ್ಲೇ ದಿನ ದೂಡಿದರು. ಗಾಜು ಒಡೆದರೆ, ಕಾಡಿಗೆ ಹೋದಾಗ ಕಳೆದರೆ, ಯಶಸ್ವಿ ಶಸ್ತ್ರಚಿಕಿತ್ಸೆ ಆದವರೂ ಮತ್ತೆ ಕಣ್ಣು ಕಾಣದವರ ಸಾಲಿಗೆ ಸೇರುತ್ತಿದ್ದರು.

ಇದು ಮೋದಿಯವರ ಸಾಧನೆಯನ್ನು ಸಣ್ಣದು ಮಾಡುವ ಮಾತಲ್ಲ. ಅವರು ಕೆಲಸ ಶುರುಮಾಡಿದಾಗ ಹಳ್ಳಿಯ ಬಡವರ ಮುಂದಿದ್ದ ಆಯ್ಕೆ ಒಳ್ಳೆಯ ಕನ್ನಡಕವೋ ಸಾಧಾರಣ ಕನ್ನಡಕವೋ ಎಂಬುದಾಗಿರಲಿಲ್ಲ. ಕತ್ತಲೆಯೋ ಬೆಳಕೋ ಎಂಬುದಾಗಿತ್ತು. ಮೊಮ್ಮಗುವಿನ ಮುಖ ಕಂಡರೆ, ಯಾರ ಕೈಯನ್ನೂ ಹಿಡಿಯದೆ ಹೊಲದ ಬದುವಿನವರೆಗೆ ನಡೆದರೆ ಅದೇ ದೊಡ್ಡ ಗೆಲುವು.

ಗೌರವ, ಆಸ್ಪತ್ರೆ ಮತ್ತು ಬದಲಾದ ಕಾಲ

ಸರ್ಕಾರ ಅವರ ಕೆಲಸವನ್ನು ಬೇಗನೇ ಗುರುತಿಸಿತು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. ಬೆಂಗಳೂರಿನ ಮಹಾಲಕ್ಷ್ಮಿಪುರಂ ಬಳಿ ಅವರ ಹೆಸರಿನ ಕಣ್ಣಾಸ್ಪತ್ರೆ ಎದ್ದು ನಿಂತಿತು. ಡೇರೆಯಿಂದ ಡೇರೆಗೆ ಅಲೆದ ವೈದ್ಯರಿಗೆ ಕೊನೆಗೂ ಒಂದು ಸ್ಥಿರ ವಿಳಾಸ ದೊರೆಯಿತು.

ಅಷ್ಟರಲ್ಲಿ ದೇಶದ ನೇತ್ರ ಚಿಕಿತ್ಸೆಯೂ ಬದಲಾಗುತ್ತಿತ್ತು. 1976ರಲ್ಲಿ ಕೇಂದ್ರ ಸರ್ಕಾರ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಅದೇ ವರ್ಷ ಮಧುರೈಯಲ್ಲಿ ಡಾ. ಜಿ. ವೆಂಕಟಸ್ವಾಮಿ 11 ಹಾಸಿಗೆಯ ಅರವಿಂದ ಕಣ್ಣಾಸ್ಪತ್ರೆ ತೆರೆದರು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಕಣ್ಣಿನೊಳಗೆ ಕೃತಕ ಮಸೂರ ಕೂರಿಸಿ ತೋರಿಸಿದ್ದರು. ಆದರೆ ಅದರ ಬೆಲೆ ಬಹಳ ಕಾಲ ಬಡವರ ಕೈಗೆಟುಕಲಿಲ್ಲ. 1992ರಲ್ಲಿ ಮಧುರೈಯಲ್ಲೇ ಅರೋಲ್ಯಾಬ್ ಶುರುವಾಗಿ ಅಗ್ಗದ ಮಸೂರ ತಯಾರಾದ ಮೇಲೆ ಚಿತ್ರ ಬದಲಾಯಿತು. ಪೊರೆ ತೆಗೆದ ಜಾಗದಲ್ಲೇ ಹೊಸ ಮಸೂರ ಕೂತಿತು. ಮೆಲ್ಲಗೆ ಸೋಡಾಬುಡ್ಡಿ ಮರೆಯಾಯಿತು. ಡೇರೆಯಲ್ಲಿ ಚಿಕಿತ್ಸೆ ಮಾಡುವ ಪದ್ಧತಿಯೂ ಹಿಂದೆ ಸರಿದು, ಹಳ್ಳಿಯಲ್ಲಿ ತಪಾಸಣೆ ಮಾಡಿ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಗೇ ಕರೆತರುವ ಕ್ರಮ ಬಂತು.

ಇಂದಿನ ಗ್ರಾಹಕರಿಗೆ ಇದರಿಂದೇನು?

ಪೊರೆಯ ದಪ್ಪ ಗಾಜು ಹೋದರೂ ಚಾಳೀಸು ಹೋಗಿಲ್ಲ. ಸಾಮಾನ್ಯ ಕೃತಕ ಮಸೂರ ಕೂರಿಸಿದವರಿಗೂ ಓದಲು ಕನ್ನಡಕ ಬೇಕೇ ಬೇಕು. ಸೂರತ್‌ನಲ್ಲಿ ವಜ್ರಕ್ಕೆ ಸಾಣೆ ಹಿಡಿಯುವವರು, ಅಹಮದಾಬಾದಿನ ಬಟ್ಟೆ ಅಂಗಡಿಯವರು, ವಡೋದರದ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವರು, ಬೆಂಗಳೂರು ಹುಬ್ಬಳ್ಳಿಯ ಶಿಕ್ಷಕರು ಎಲ್ಲರೂ ನಲವತ್ತೈದರ ಆಸುಪಾಸಿನಲ್ಲಿ ಒಂದೇ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ.

ಅಲ್ಲಿ ಸಿಗುವ ಪ್ರೋಗ್ರೆಸ್ಸಿವ್ ಲೆನ್ಸ್ ಫ್ರಾನ್ಸಿನ ಬರ್ನಾರ್ಡ್ ಮೇತನಾಜ್ ರೂಪಿಸಿ 1959ರಲ್ಲಿ ವ್ಯಾರಿಲಕ್ಸ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಮಾದರಿಯ ಸಂತತಿ. ಮೇಲ್ಭಾಗ ದೂರಕ್ಕೆ, ನಡುವೆ ಕಂಪ್ಯೂಟರ್ ದೂರಕ್ಕೆ, ಕೆಳಗೆ ಓದಿಗೆ, ನಡುವೆ ಗೆರೆಯಿಲ್ಲ. ಗೆರೆ ಇಲ್ಲದ್ದಕ್ಕೆ ತೆರಬೇಕಾದ ಬೆಲೆ ಎಂದರೆ ಗಾಜಿನ ಎರಡು ಬದಿಯಲ್ಲಿ ಉಳಿಯುವ ಮಸುಕು. ದುಬಾರಿ ಮಾದರಿಗಳಲ್ಲಿ ಸಾಮಾನ್ಯವಾಗಿ ನಡುವಿನ ಸ್ಪಷ್ಟ ಹಾದಿ ಅಗಲ, ಬದಿಯ ಮಸುಕು ಕಡಿಮೆ.

ಆದರೆ ಎಷ್ಟೇ ದುಬಾರಿ ಗಾಜಾದರೂ ತಪ್ಪು ಅಳತೆಯಲ್ಲಿ ಕೂತರೆ ವ್ಯರ್ಥ. ಹಾಗಾಗಿ ಹಣ ಕೊಡುವ ಮುನ್ನ ಕೆಲವು ಸಂಗತಿ ಗಮನಿಸಬೇಕು. ಮೊದಲು ಚೌಕಟ್ಟು ಆರಿಸಿ, ಅದನ್ನು ಮೂಗು ಕಿವಿಗೆ ಸರಿಯಾಗಿ ಕೂರಿಸಿದ ಮೇಲೆಯೇ ಅಳತೆ ತೆಗೆಯಬೇಕು. ಮೂಗಿನ ನಡುವಿನಿಂದ ಎಡ ಪಾಪೆ, ಬಲ ಪಾಪೆಯ ದೂರವನ್ನು ಬೇರೆ ಬೇರೆಯಾಗಿ ಅಳೆಯಬೇಕು. ಪಾಪೆ ಗಾಜಿನ ಯಾವ ಎತ್ತರಕ್ಕೆ ಬರುತ್ತದೆ ಎಂಬುದನ್ನೂ ಗುರುತು ಹಾಕಬೇಕು. ತೀರಾ ಗಿಡ್ಡ ಚೌಕಟ್ಟಾದರೆ ಓದುವ ಭಾಗ ಕತ್ತರಿಸಿಹೋಗುತ್ತದೆ. ದಿನದ ಹೆಚ್ಚು ಹೊತ್ತು ಏನು ಕೆಲಸ ಮಾಡುತ್ತೀರಿ, ಎಷ್ಟು ದೂರದಿಂದ ನೋಡುತ್ತೀರಿ ಎಂದು ಕೇಳದೆ ಲೆನ್ಸ್ ಮಾರುವ ಕಡೆ ಆತುರ ಬೇಡ. ಹೊಸ ಗಾಜಿಗೆ ಹೊಂದಿಕೊಳ್ಳಲು ಒಂದೆರಡು ವಾರ ಹಿಡಿಯಬಹುದು. ಪಕ್ಕಕ್ಕೆ ನೋಡುವಾಗ ಕಣ್ಣಿನ ಬದಲು ತಲೆ ತಿರುಗಿಸುವುದು, ಮೆಟ್ಟಿಲು ಇಳಿಯುವಾಗ ಗಲ್ಲ ತಗ್ಗಿಸಿ ಗಾಜಿನ ಮೇಲ್ಭಾಗದಿಂದ ನೋಡುವುದು ರೂಢಿಯಾಗಬೇಕು. ಆಮೇಲೂ ತಲೆಸುತ್ತು, ಮಸುಕು ಉಳಿದರೆ ಸಹಿಸಿಕೊಂಡಿರಬೇಕಿಲ್ಲ. ಅಂಗಡಿಗೆ ಹಿಂದಿರುಗಿ ಅಳತೆಯನ್ನು ಮತ್ತೆ ನೋಡಿಸಬೇಕು.

ಶಿಬಿರದಲ್ಲಿ ಎಲ್ಲರಿಗೂ ಹಂಚಿದ ಪ್ಲಸ್ ಹತ್ತರ ಕನ್ನಡಕ ಕೆಲವರಿಗೆ ಹೊಂದದಿದ್ದುದಕ್ಕೂ, ಸಾವಿರಾರು ರೂಪಾಯಿಯ ಪ್ರೋಗ್ರೆಸ್ಸಿವ್ ಲೆನ್ಸ್ ಕೆಲವೊಮ್ಮೆ ಮೇಜಿನ ಡ್ರಾಯರ್ ಸೇರುವುದಕ್ಕೂ ಕಾರಣ ಬಹುತೇಕ ಒಂದೇ. ಹಾಕಿಕೊಳ್ಳುವವರ ಕಣ್ಣನ್ನು ಯಾರೂ ತಾಳ್ಮೆಯಿಂದ ಅಳೆದಿರುವುದಿಲ್ಲ. ಶಿಬಿರಕ್ಕೆ ಆಗ ಅದಕ್ಕೆ ಸಮಯವಿರಲಿಲ್ಲ, ಸಲಕರಣೆಯೂ ಇರಲಿಲ್ಲ. ಇಂದಿನ ಅಂಗಡಿಗೆ ಆ ನೆಪ ಇಲ್ಲ.

ಡಾ. ಎಂ.ಸಿ. ಮೋದಿಯವರು 2005ರ ನವೆಂಬರ್ 11ರಂದು, 89ನೇ ವಯಸ್ಸಿನಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಮೋದಿ ಆಸ್ಪತ್ರೆ ರಸ್ತೆ ಎಂಬ ಹೆಸರು ಇಂದಿಗೂ ಉಳಿದಿದೆ. ಆ ದಾರಿಯಲ್ಲಿ ನಿತ್ಯ ಓಡಾಡುವ ಕಿರಿಯರಲ್ಲಿ ಆ ಮೋದಿ ಯಾರೆಂದು ಬಲ್ಲವರು ಕಡಿಮೆ. ಅವರ ಮನೆಗಳಲ್ಲೇ, ಅಜ್ಜನಿಗೋ ಮುತ್ತಜ್ಜಿಗೋ ಕಣ್ಣು ಕೊಟ್ಟವರು ಅವರೇ ಆಗಿದ್ದರೂ ಆಶ್ಚರ್ಯವಿಲ್ಲ.